‘ಬೋರ್ಡೇ ಹೋಗಿದೆ’ ಎನ್ನುವವರಿಗೆ

ಲ್ಯಾಪ್‌ಟಾಪಿನ ಚಾರ್ಜರು ಸುಡುತ್ತಿದೆ, ಪಿನ್ನು ಸೇರಿಸುವ ಪೋರ್ಟು ಮುಟ್ಟಲಾಗದಷ್ಟು ಕಾಯುತ್ತಿದೆ ಎಂದು ದೂರಿಕೊಂಡು ಸೇವಾಕೇಂದ್ರಗಳ ಮೆಟ್ಟಿಲು ಹತ್ತುವವರಿಗೆ ಮುಂಬಯಿ, ಪುಣೆ, ಹೈದರಾಬಾದು, ದಿಲ್ಲಿ ಎಂಬ ಭೇದವಿಲ್ಲದೆ ದೊರೆಯುತ್ತಿರುವ ಉತ್ತರ ಒಂದೇ: “ಬೋರ್ಡೇ ಹೋಗಿದೆ, ಬದಲಿಸಬೇಕು.” ಯಂತ್ರದ ತಳ ಬಿಚ್ಚಿ ನೋಡಿದ್ದಾಯಿತೇ? ಇಲ್ಲ. ಬೇರೊಂದು ಚಾರ್ಜರು ಹಾಕಿ ಪರೀಕ್ಷಿಸಿದ್ದಾಯಿತೇ? ಅದೂ ಇಲ್ಲ. ಕೌಂಟರಿನ ಆಚೆ ಕುಳಿತ ತರುಣ ಯಂತ್ರವನ್ನು ಒಮ್ಮೆ ತಿರುಗಿಸಿ ನೋಡಿ, ಪರದೆಯ ಮೇಲೆ ಏನನ್ನೋ ಒತ್ತಿ, ಮೊತ್ತವೊಂದನ್ನು ಓದಿ ಹೇಳುತ್ತಾನೆ. ನೆಗಡಿಯಾಯಿತೆಂದು ಮೂಗು ಕೊಯ್ಯುವ ಚಿಕಿತ್ಸೆಯೆಂದರೆ ಇದೇ. ಈ ಉತ್ತರ ಅನೇಕ ಸಲ ಅಜ್ಞಾನದಿಂದಲೂ, ಉಳಿದ ಸಲ ಲೋಭದಿಂದಲೂ ಹುಟ್ಟಿದ್ದು ಎಂಬುದು ನಮ್ಮ ಖಚಿತವಾದ ಅಭಿಪ್ರಾಯ. ಅದನ್ನು ಮರುಮಾತಿಲ್ಲದೆ ಒಪ್ಪಿಕೊಂಡು ಬರುವ ನಮ್ಮ ಜನರ ಮೇಲೂ ನಮಗೆ ಆಕ್ಷೇಪವಿದೆ. ಅದಕ್ಕೆ ಆಮೇಲೆ ಬರೋಣ.

ಮೊದಲು ಈ ಬಿಸಿ ಎಲ್ಲಿಂದ ಬರುತ್ತದೆಂಬುದನ್ನು ನೋಡೋಣ. ತಂತಿಯಲ್ಲಿ ವಿದ್ಯುತ್ತು ಹರಿದಾಗ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೂ ಹರಿಯುವ ದಾರಿಯ ರೋಧಕ್ಕೂ ಅನುಗುಣವಾಗಿರುತ್ತದೆಂದು ಇಂಗ್ಲೆಂಡಿನ ಜೇಮ್ಸ್ ಜೂಲ್ 1841ರಷ್ಟು ಹಿಂದೆಯೇ ತೋರಿಸಿಕೊಟ್ಟ. ಹೈಸ್ಕೂಲಿನ ಭೌತಶಾಸ್ತ್ರದಲ್ಲಿ ನಾವೆಲ್ಲ ಓದಿ, ಪರೀಕ್ಷೆ ಮುಗಿದ ಮರುದಿನ ಮರೆತ ನಿಯಮವಿದು. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿರುವ 65 ವಾಟಿನ ಅಡಾಪ್ಟರನ್ನೇ ತೆಗೆದುಕೊಳ್ಳಿ. ಗೋಡೆಯ 230 ವೋಲ್ಟಿನಿಂದ ಅದು ಎಳೆದುಕೊಳ್ಳುವುದು ಅರ್ಧ ಆಂಪಿಯರಿನ ಆಸುಪಾಸು. ಇನ್ನೊಂದು ತುದಿಯಲ್ಲಿ, 19.5 ವೋಲ್ಟಿನಲ್ಲಿ, ಲ್ಯಾಪ್‌ಟಾಪಿಗೆ ಅದು ಒದಗಿಸುವುದು 3.33 ಆಂಪಿಯರ್, ಅಂದರೆ ಆರೇಳು ಪಟ್ಟು. ಇದರ ವರ್ಗ ಮಾಡಿದರೆ, ಅಷ್ಟೇ ರೋಧಕ್ಕೆ ಈ ತುದಿಯಲ್ಲಿ ನಲವತ್ತು ಪಟ್ಟಿಗೂ ಮಿಗಿಲಾದ ಶಾಖ. ಗೋಡೆಯ ಸಾಕೆಟ್ಟು ಸಹಿಸಿಕೊಳ್ಳುವ ಸಡಿಲನ್ನು ಲ್ಯಾಪ್‌ಟಾಪಿನ ಪೋರ್ಟು ಸಹಿಸಲಾರದೆಂಬುದರ ಗುಟ್ಟು ಇಷ್ಟೇ.

ಪಿನ್ನು ಬಿಗಿಯಾಗಿ ಕುಳಿತು, ಲೋಹಕ್ಕೆ ಲೋಹ ಚೊಕ್ಕಟವಾಗಿ ತಾಗಿರುವಾಗ ಆ ಸಂಧಿಯ ರೋಧ ಓಮಿನ ನೂರನೆಯ ಒಂದಂಶದಷ್ಟು ಎಂದಿಟ್ಟುಕೊಳ್ಳಿ. ಹುಟ್ಟುವ ಶಾಖ ವಾಟಿನ ಹತ್ತನೆಯ ಒಂದು ಪಾಲು. ಕೈಗೆ ಗೊತ್ತೂ ಆಗದು. ಅದೇ ಪಿನ್ನು ಸಡಿಲಾಗಿ, ನಡುವೆ ಧೂಳೋ ಕಿಲುಬೋ ಸೇರಿ, ರೋಧ ಅರ್ಧ ಓಮಿಗೆ ಏರಿತೆನ್ನಿ. ಕಡಲೆಕಾಳಿನಷ್ಟು ಜಾಗದಲ್ಲಿ ಐದೂವರೆ ವಾಟ್ ಶಾಖ! ಆ ಕಾವಿಗೆ ಸುತ್ತಲ ಪ್ಲಾಸ್ಟಿಕ್ಕು ಮೆತ್ತಗಾಗುತ್ತದೆ, ಪಿನ್ನನ್ನು ಒತ್ತಿ ಹಿಡಿದ ತೆಳು ಸ್ಪ್ರಿಂಗು ತನ್ನ ಬಿಗಿ ಕಳೆದುಕೊಳ್ಳುತ್ತದೆ. ಬಿಗಿ ಹೋದಂತೆ ರೋಧ ಏರುತ್ತದೆ, ರೋಧ ಏರಿದಂತೆ ಕಾವು ಏರುತ್ತದೆ. ಕಡಲ ತೀರದ ಮುಂಬಯಿಯಲ್ಲೂ ಚೆನ್ನೈಯಲ್ಲೂ ಉಪ್ಪುಗಾಳಿ ಈ ಕೆಲಸಕ್ಕೆ ಸಹಾಯ ಮಾಡುತ್ತದೆ. ಜೂನಿನಿಂದ ಸೆಪ್ಟೆಂಬರಿನ ತನಕ ಗೋಡೆಗಳೇ ಬೆವರುವ ನಮ್ಮ ಮನೆಗಳಲ್ಲಿ ಲೋಹದ ಮೇಲೆ ಕಿಲುಬು ಹತ್ತಲು ಹೆಚ್ಚು ದಿನ ಬೇಕಾಗುವುದಿಲ್ಲ.

ಈ ಕಥೆಯಲ್ಲಿ ಮದರ್‌ಬೋರ್ಡಿನ ಪಾತ್ರ ಎಲ್ಲಿದೆ, ಸ್ವಾಮಿ? ಬೋರ್ಡು ಕೆಡುವುದೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಅದರೊಳಗಿನ ಕೆಪಾಸಿಟರು ಶಾರ್ಟ್ ಆಗುವುದುಂಟು, ಚಾರ್ಜಿಂಗ್ ನಿಯಂತ್ರಿಸುವ ಚಿಪ್ಪು ಸುಡುವುದುಂಟು. ಆದರೆ ಅದನ್ನು ಅಳತೆ ಮಾಡಿ ಹೇಳಬೇಕು. ಕಣಿ ಹೇಳಿದಂತೆ ಹೇಳಬಾರದು.

ಅಳತೆಯೂ ದೊಡ್ಡ ಬ್ರಹ್ಮವಿದ್ಯೆಯಲ್ಲ. ಎಲ್ಲಿ ಬಿಸಿಯಾಗುತ್ತಿದೆ ಎಂಬುದೇ ಅರ್ಧ ಉತ್ತರ. ಕಪ್ಪು ಡಬ್ಬಿಯ ಅಡಾಪ್ಟರು ಬೆಚ್ಚಗಾಗುವುದು ಅದರ ಹುಟ್ಟುಗುಣ. 65 ವಾಟ್ ಕೊಡುವ ಅಡಾಪ್ಟರು ಏಳೆಂಟು ವಾಟನ್ನು ತನ್ನೊಳಗೇ ಶಾಖವಾಗಿ ಕಳೆದುಕೊಳ್ಳುತ್ತದೆ, ಗಾಳಿಕಿಂಡಿಯಿಲ್ಲದ ಆ ಡಬ್ಬಿಯ ಮೈಯಿಂದಲೇ ಅದು ಹೊರಬರಬೇಕು. ಅಂಗೈಯನ್ನು ಅದರ ಮೇಲೆ ಆರಾಮವಾಗಿ ಇಟ್ಟುಕೊಂಡಿರಲು ಸಾಧ್ಯವಾದರೆ ಚಿಂತಿಸಬೇಕಿಲ್ಲ. ಕೈ ತೆಗೆಯಲೇಬೇಕೆನಿಸಿದರೆ, ಅದು ಹಾಸಿಗೆಯ ಮೇಲೆ ದಿಂಬಿನ ಕೆಳಗೆ ಬಿದ್ದಿದೆಯೇ, 65 ವಾಟಿನ ಯಂತ್ರಕ್ಕೆ 45 ವಾಟಿನ ಅಡಾಪ್ಟರನ್ನು ಹೊಂದಿಸಿದ್ದೀರಾ ಎಂದು ಮೊದಲು ನೋಡಿ. ಗೋಡೆಯ ಪ್ಲಗ್ಗು ಬಿಸಿಯಾಗುತ್ತಿದ್ದರೆ ದೋಷ ಸಾಕೆಟ್ಟಿನದು ಅಥವಾ ವೈರಿನದು; ಅರ್ಧ ಆಂಪಿಯರಿಗೆ ಪ್ಲಗ್ಗು ಕಾಯಬಾರದು. ಅಲ್ಲಿಗೆ ಬೇಕಾದವನು ಎಲೆಕ್ಟ್ರಿಷಿಯನ್ನು, ಕಂಪ್ಯೂಟರಿನವನಲ್ಲ. ಡಬ್ಬಿ ಬೆಚ್ಚಗಿದ್ದು ಪಿನ್ನಿನ ತುದಿ ಅದಕ್ಕಿಂತ ಹೆಚ್ಚು ಸುಡುತ್ತಿದ್ದರೆ ಮಾತ್ರ ಸಂಧಿಯಲ್ಲಿ ರೋಗವಿದೆಯೆಂದು ತಿಳಿಯಬೇಕು.

ಆ ರೋಗ ಪಿನ್ನಿನದೋ ಪೋರ್ಟಿನದೋ? ಅಷ್ಟೇ ವೋಲ್ಟಿನ, ಅಷ್ಟೇ ವಾಟಿನ, ಅದೇ ಬಗೆಯ ಪಿನ್ನಿನ ಇನ್ನೊಂದು ಒಳ್ಳೆಯ ಚಾರ್ಜರನ್ನು ನೆರೆಮನೆಯಿಂದ ತಂದು ಹತ್ತು ನಿಮಿಷ ಹಾಕಿ ನೋಡಿದರೆ ಗೊತ್ತಾಗುತ್ತದೆ. ಬಿಸಿ ಹೋದರೆ ದೋಷ ಹಳೆಯ ಚಾರ್ಜರಿನದು. ಅದನ್ನು ಮಾತ್ರ ಬದಲಿಸಿದರಾಯಿತು. ಬಿಸಿ ಉಳಿದರೆ ದೋಷ ಪೋರ್ಟಿನದು. ಯಂತ್ರವನ್ನು ಪೂರ್ತಿ ಆರಿಸಿ, ವೈರು ಕಿತ್ತು, ಟಾರ್ಚು ಬಿಟ್ಟು ಒಳಗೆ ನೋಡಿ. ಟೈಪ್-ಸಿ ಪೋರ್ಟಿನಲ್ಲಿ ಬಟ್ಟೆಯ ಜುಂಗು ಅಡಕಿ ಕುಳಿತು ಪಿನ್ನು ಕೊನೆಯವರೆಗೆ ಹೋಗದಿರುವುದು ಸಾಮಾನ್ಯ. ಒಣಗಿದ ಮರದ ಹಲ್ಲುಕಡ್ಡಿಯಿಂದ ನಿಧಾನವಾಗಿ ಅದನ್ನು ತೆಗೆಯಬಹುದು. ಸೂಜಿ, ಸೇಫ್ಟಿ ಪಿನ್ನುಗಳನ್ನು ಮಾತ್ರ ಹತ್ತಿರ ತರಬೇಡಿ. ಒಳಗೆ ಕಂದು ಕಲೆಯೋ, ಕರಗಿದ ಪ್ಲಾಸ್ಟಿಕ್ಕೋ, ಸುಟ್ಟ ವಾಸನೆಯೋ ಇದ್ದರೆ ಅಲ್ಲಿಗೇ ನಿಲ್ಲಿಸಿ. “ಹೇಗೂ ಚಾರ್ಜು ಆಗುತ್ತಿದೆಯಲ್ಲ” ಎಂದು ರಾತ್ರಿಯಿಡೀ ಹಾಕಿ ಮಲಗುವುದು ಮನೆಗೆ ಬೆಂಕಿಯನ್ನು ಆಮಂತ್ರಿಸಿದಂತೆ. ಬ್ಯಾಟರಿ ಉಬ್ಬಿ ಕೀಲಿಮಣೆ ಮೇಲೆದ್ದಿದ್ದರೆ ಆ ವಿಷಯವೇ ಬೇರೆ. ಆಗ ಯಂತ್ರವನ್ನು ಚಾರ್ಜಿಗೆ ಹಾಕುವುದನ್ನೇ ಬಿಡಬೇಕು.

ಇಷ್ಟನ್ನು ಒಬ್ಬ ಗೃಹಿಣಿ, ಒಬ್ಬ ಕಾಲೇಜು ಹುಡುಗ ಮಾಡಬಹುದಾದರೆ, ಇದಕ್ಕಾಗಿಯೇ ಸಂಬಳ ಪಡೆಯುವ ಸೇವಾಕೇಂದ್ರ ಏಕೆ ಮಾಡುವುದಿಲ್ಲ? ಬೋರ್ಡು ಬದಲಿಸುವುದು ಅವರಿಗೆ ಸುಲಭ. ಹಳೆಯದನ್ನು ತಿರುಪು ಬಿಚ್ಚಿ ತೆಗೆಯುವುದು, ಹೊಸದನ್ನು ತಿರುಪು ಹಾಕಿ ಕೂರಿಸುವುದು. ಬೆಸುಗೆ ಕೆಲಸಕ್ಕೆ ಕೈ ಪಳಗಿರಬೇಕು, ಸಮಯ ಬೇಕು, ತಾಳ್ಮೆ ಬೇಕು. ಗಿರಾಕಿ ಹಣ ಕೊಡಲು ಸಿದ್ಧನಿರುವಾಗ ಇದೆಲ್ಲ ಯಾರಿಗೆ ಬೇಕು?

ನಮ್ಮ ಸಂಘದ ಸದಸ್ಯರೊಬ್ಬರ ಮನೆಯಲ್ಲಿ ನಡೆದುದನ್ನು ಹೇಳಬೇಕು. ತಂದೆ ಹೋಟೆಲೊಂದರ ಗಲ್ಲೆಯಲ್ಲಿರುವವರು, ಮಗಳು ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಳು. ಪೋರ್ಟು ಕಾದು ಕಾದು ಒಂದು ದಿನ ಚಾರ್ಜು ನಿಂತೇ ಹೋಯಿತು. ಸೇವಾಕೇಂದ್ರದವರು 18,500 ರೂಪಾಯಿ ಕೇಳಿದರು. ಆ ತಿಂಗಳು ಅಷ್ಟು ಹಣವಿರಲಿಲ್ಲ. ಊರಿನಲ್ಲಿ ಅಜ್ಜಿಯ ಶಸ್ತ್ರಚಿಕಿತ್ಸೆ ಆಗಷ್ಟೇ ಆಗಿತ್ತು. ಪ್ರಾಜೆಕ್ಟಿನ ವರದಿ ಒಪ್ಪಿಸಬೇಕಾದ ಹುಡುಗಿ ಮೂರು ವಾರ ಗೆಳತಿಯರ ಯಂತ್ರಗಳ ಬಿಡುವಿಗಾಗಿ ಕಾಯುತ್ತ, ರಾತ್ರಿ ಹನ್ನೊಂದರ ಲೋಕಲ್ಲಿನಲ್ಲಿ ಮನೆಗೆ ಬರುತ್ತ ಕಳೆದಳು. ಕೊನೆಗೆ ಯಾರೋ ಹೇಳಿದರೆಂದು ಲ್ಯಾಮಿಂಗ್ಟನ್ ರೋಡಿನ ಪಕ್ಕದ ಓಣಿಯಲ್ಲಿ ಎರಡಾಳು ಕೂರುವಷ್ಟೇ ಅಗಲದ ಅಂಗಡಿಗೆ ಒಯ್ದರು. ಅವನು ಭೂತಗನ್ನಡಿ ಹಿಡಿದು ನೋಡಿ, ಪೋರ್ಟಿನ ಬೆಸುಗೆ ಬಿರುಕು ಬಿಟ್ಟಿರುವುದನ್ನು ಆ ಹುಡುಗಿಗೇ ತೋರಿಸಿ, ಹೊಸ ಪೋರ್ಟು ಕೂರಿಸಿಕೊಟ್ಟ. ಒಂದೂವರೆ ಗಂಟೆಯ ಕೆಲಸ, 900 ರೂಪಾಯಿ. ಆ ಮೂರು ವಾರಗಳ ಲೆಕ್ಕವನ್ನು ಸೇವಾಕೇಂದ್ರದವರು ಯಾವ ಬಿಲ್ಲಿನಲ್ಲಿ ಬರೆಯುತ್ತಾರೆ?

ಸೇವಾಕೇಂದ್ರಕ್ಕಿಂತ ದೊಡ್ಡ ತಪ್ಪಿತಸ್ಥ ತಯಾರಕ. ದಿನಕ್ಕೆ ಎರಡು ಸಲ ಪಿನ್ನು ಚುಚ್ಚಿ ಕಿತ್ತರೆ ವರ್ಷಕ್ಕೆ 730 ಸಲವಾಯಿತು. ಯಂತ್ರದಲ್ಲಿ ಅತ್ಯಂತ ಹೆಚ್ಚು ಸವೆಯುವ ಭಾಗಗಳಲ್ಲಿ ಪೋರ್ಟೂ ಒಂದು. ಅಂಥ ಭಾಗವನ್ನು ಬಲು ದುಬಾರಿಯಾದ ಬೋರ್ಡಿಗೇ ಬೆಸೆದುಬಿಡುವುದು ಯಾವ ಸೀಮೆಯ ಜಾಣತನ? ಅಗುಳಿ ಸಡಿಲಾದರೆ ಬಾಗಿಲನ್ನು ಬದಲಿಸು, ಬಾಗಿಲೊಂದಿಗೆ ಗೋಡೆಯನ್ನೂ ಕಟ್ಟಿಸು ಎನ್ನುವ ಬಡಗಿಯನ್ನು ನಮ್ಮ ಅಜ್ಜಂದಿರು ಅಂಗಳಕ್ಕೆ ಸೇರಿಸುತ್ತಿರಲಿಲ್ಲ. ಬೇರೆ ದಾರಿಯೇ ಇಲ್ಲವೆನ್ನುವಂತಿಲ್ಲ. ದುಂಡು ಪಿನ್ನಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಪೋರ್ಟು ಗೇಣುದ್ದದ ವೈರಿನ ತುದಿಯಲ್ಲಿ ಬೇರೆಯಾಗಿಯೇ ಇರುತ್ತದೆ. ಬೆಸುಗೆಯಿಲ್ಲದೆ ಕಿತ್ತು ಹೊಸದನ್ನು ಸಿಕ್ಕಿಸಬಹುದು. ಹಾಗೆ ಮಾಡಬಲ್ಲವರು ತೆಳುವಾದ ಹೊಸ ಯಂತ್ರಗಳಲ್ಲಿ ಮಾಡದಿರುವುದಕ್ಕೆ ಜಾಗ ಸಾಲದೆಂಬ ನೆಪ ಹೇಳುತ್ತಾರೆ. ಅರ್ಧ ಮಿಲಿಮೀಟರು ದಪ್ಪ ಹೆಚ್ಚಿಸಿ ಎಂದರೆ ನಾವೇನು ಬೇಡವೆನ್ನುತ್ತೇವೆಯೇ?

ಟೈಪ್-ಸಿ ಪೋರ್ಟು 10,000 ಸಲ ಚುಚ್ಚಿ ಕೀಳುವುದನ್ನು ತಾಳಬೇಕೆಂಬ ಲೆಕ್ಕವನ್ನು ಮುಂದಿಟ್ಟು, “ಹಾಳಾದರೆ ಅದು ಬಳಸುವವರ ತಪ್ಪು, ವಾರಂಟಿ ಅನ್ವಯಿಸದು” ಎನ್ನುವವರಿದ್ದಾರೆ. ಆ ಲೆಕ್ಕ ನೇರವಾಗಿ ಚುಚ್ಚಿ ನೇರವಾಗಿ ಕೀಳುವ ಪ್ರಯೋಗಶಾಲೆಯದು. ಹತ್ತಡಿ ಅಗಲದ ಕೋಣೆಯಲ್ಲಿ ವೈರು ದಾಟಿ ಅಡುಗೆಮನೆಗೆ ಹೋಗಬೇಕಾದ, ಓಡಾಡುವ ಮಗು ಅದಕ್ಕೆ ಎಡವುವ ಮನೆಗಳು ಲೋಕದಲ್ಲಿವೆಯೆಂಬುದು ತಯಾರಕರಿಗೆ ತಿಳಿಯದ ವಿಷಯವಲ್ಲ. ತಪ್ಪು ಯಾವಾಗಲೂ ಬಳಸುವವನದೇ ಎಂಬ ವಾದಕ್ಕೆ ಅವರದೇ ಚರಿತ್ರೆ ಉತ್ತರ ಕೊಡುತ್ತದೆ. 2014ರ ಆಗಸ್ಟಿನಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆ ಅಮೆರಿಕ ಮತ್ತು ಕೆನಡಾಗಳಲ್ಲಿ ಸುಮಾರು 60 ಲಕ್ಷ ವೈರುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಗೋಡೆಯಿಂದ ಅಡಾಪ್ಟರಿಗೆ ಬರುವ, ಎಲ್‌ಎಸ್-15 ಎಂಬ ಗುರುತಿನ ವೈರು ಅದು. ಕಾದು, ಕರಗಿ, ಕರಕಾದ 29 ದೂರುಗಳು ಬಂದಿದ್ದವು. ಅದೇ ವರ್ಷದ ಡಿಸೆಂಬರಿನಲ್ಲಿ ಲೆನೊವೊ ಕೂಡ ಅದೇ ಗುರುತಿನ ಲಕ್ಷಗಟ್ಟಲೆ ವೈರುಗಳನ್ನು ವಾಪಸು ಪಡೆಯಿತು. ಆ ಗಿರಾಕಿಗಳೆಲ್ಲ ವೈರನ್ನು ಎಳೆದಾಡಿದವರೇ?

“ಬೀದಿಯ ಅಂಗಡಿಯವರು ಮೋಸ ಮಾಡುತ್ತಾರೆ, ಕಂಪನಿಯವರೇ ವಾಸಿ” ಎಂಬುದು ನಮ್ಮವರಲ್ಲಿ ಸುಶಿಕ್ಷಿತರು ಆಡುವ ಮಾತು. ಮೋಸಗಾರರು ಅಲ್ಲಿಯೂ ಇದ್ದಾರೆ, ನಿಜ. ಹಳೆಯ ಪೋರ್ಟನ್ನೇ ತಿಕ್ಕಿ ತೊಳೆದು ಹೊಸದೆಂದು ಕೊಡುವವರು, ಬಿಸಿಗಾಳಿ ಹೆಚ್ಚು ಹೊಡೆದು ಪಕ್ಕದ ಭಾಗಗಳನ್ನು ಬೇಯಿಸುವವರು ಇದ್ದಾರೆ. ಆದರೆ ಮುಂಬಯಿಯ ಲ್ಯಾಮಿಂಗ್ಟನ್ ರೋಡು, ದಿಲ್ಲಿಯ ನೆಹರೂ ಪ್ಲೇಸು, ಚೆನ್ನೈಯ ರಿಚಿ ಸ್ಟ್ರೀಟು, ಬೆಂಗಳೂರಿನ ಎಸ್.ಪಿ. ರೋಡುಗಳಲ್ಲಿ ಬೋರ್ಡಿನ ಮೇಲೆ ಕೂದಲೆಳೆಯಷ್ಟು ಬೆಸುಗೆ ಹಾಕಬಲ್ಲ ಕೈಗಳಿವೆ. ನಿಮ್ಮ ಕಣ್ಣೆದುರು ಬಿಚ್ಚಿ ತೋರಿಸುವವನನ್ನು ಹುಡುಕಿ. ಗಾಜಿನ ಗೋಡೆಯ ಹಿಂದೆ ಯಂತ್ರವನ್ನು ಒಯ್ದು ವಾರದ ಮೇಲೆ ಬಿಲ್ಲು ಮಾತ್ರ ತೋರಿಸುವವನಿಗೆ ಕಂಪನಿಯ ಹೆಸರಿದೆಯೆಂಬ ಒಂದೇ ಕಾರಣಕ್ಕೆ ಸತ್ಯವಂತನ ಪಟ್ಟ ಕಟ್ಟಬೇಕಾಗಿಲ್ಲ. ಒಂದು ಮಾತು: ವಾರಂಟಿ ಇನ್ನೂ ಉಳಿದಿದ್ದರೆ ಹೊರಗೆ ಬಿಚ್ಚಿಸಬೇಡಿ. ಅಲ್ಲಿಯವರೆಗೆ ಅದು ಅವರ ಹೊಣೆ, ಅವರಿಂದಲೇ ಮಾಡಿಸಿಕೊಳ್ಳಿ.

ಇನ್ನು ನಮ್ಮ ಮೇಲಿನ ಆಕ್ಷೇಪ. ಮಾರುಕಟ್ಟೆಯಲ್ಲಿ ಕೊತ್ತಂಬರಿ ಕಟ್ಟಿಗೆ ಎರಡು ರೂಪಾಯಿ ಚೌಕಾಶಿ ಮಾಡುವ ನಾವು, ಹದಿನೆಂಟು ಸಾವಿರದ ಬಿಲ್ಲಿನ ಮುಂದೆ ಮೂಕರಾಗುತ್ತೇವೆ. ಪರಭಾಷೆಯ ಊರು, ಇಂಗ್ಲಿಷಿನಲ್ಲಿ ಬಡಬಡನೆ ಮಾತಾಡುವ ಹುಡುಗ. ಪ್ರಶ್ನೆ ಕೇಳಿದರೆ ನಮ್ಮನ್ನು ಹಳ್ಳಿಯವರೆಂದುಕೊಂಡಾನು ಎಂಬ ಅಳುಕು ಬೇರೆ. ಇದೇ ಅಳುಕು ಇನ್ನೊಂದು ಕಡೆ ಉಳಿತಾಯದ ವೇಷ ಹಾಕುತ್ತದೆ. ಫುಟ್‌ಪಾತಿನಲ್ಲಿ ಮುನ್ನೂರು ರೂಪಾಯಿಗೆ ಸಿಗುವ, ಹೆಸರು ಮಾತ್ರ ಅಸಲಿನಂತಿರುವ ಚಾರ್ಜರು ಕೊಂಡುತರುತ್ತೇವೆ. ಅದರ ಮೇಲೆ 65 ವಾಟ್ ಎಂದು ಬರೆದಿರುವುದು ಮುದ್ರಕನ ಔದಾರ್ಯವಷ್ಟೇ. ಕೇಂದ್ರ ಸರಕಾರದ ಆಜ್ಞೆಯ ಪ್ರಕಾರ ಇಂಥ ಅಡಾಪ್ಟರುಗಳಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ಮೈಮೇಲೆ ಐಎಸ್ ಗುರುತೂ, ಆರ್ ಎಂಬ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯೂ ಇರಬೇಕು. ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ತಯಾರಕನದೆಂದು ಗೊತ್ತಾಗುತ್ತದೆ. ಅಂಗಡಿಯಲ್ಲಿ ನಿಂತೇ ನೋಡಬಹುದಾದ ವಿಷಯ. ನೋಡುವವರು ಎಷ್ಟು ಮಂದಿ? ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಗೊಂಬೆ ಸಿಕ್ಕಿಸಿ ಅರ್ತನ್ನು ಕಳೆಯುವುದು, ಮೈ ಜುಮ್ಮೆಂದಾಗ “ಏನೋ ಸ್ವಲ್ಪ ಕರೆಂಟು” ಎಂದು ನಗುವುದು, ಒಡೆದ ವೈರಿಗೆ ಟೇಪು ಸುತ್ತಿ ಇನ್ನೊಂದು ವರ್ಷ ತಳ್ಳುವುದು: ಇವೆಲ್ಲ ನಮ್ಮ ಮನೆಗಳಲ್ಲಿ ದಿನವೂ ನಡೆಯುವಂಥವು.

ಕಾನೂನಿನ ಬೆಂಬಲ ಇಲ್ಲವೇ ಎಂದು ಕೇಳಬಹುದು. ಅರ್ಧ ಇದೆ. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ದುರಸ್ತಿಯ ಹಕ್ಕಿಗಾಗಿ 2022ರ ಜುಲೈಯಲ್ಲಿ ಸಮಿತಿ ಮಾಡಿತು, ಅದೇ ಡಿಸೆಂಬರ್ 24ರಂದು ಒಂದು ಜಾಲತಾಣವನ್ನು ತೆರೆಯಿತು. ಅದು ಮಾಹಿತಿ ಕೊಡುವ ತಾಣ. ಬಿಡಿಭಾಗ ಮಾರಲೇಬೇಕೆಂದು ತಯಾರಕನ ಕಿವಿ ಹಿಂಡುವ ಕಾಯ್ದೆಯಲ್ಲ. ಯುರೋಪಿನ ಒಕ್ಕೂಟ ಫೋನುಗಳಿಗೆ 2024ರ ಡಿಸೆಂಬರ್ 28ರಿಂದಲೂ ಲ್ಯಾಪ್‌ಟಾಪುಗಳಿಗೆ 2026ರ ಏಪ್ರಿಲ್ 28ರಿಂದಲೂ ಟೈಪ್-ಸಿ ಪೋರ್ಟನ್ನು ಕಡ್ಡಾಯ ಮಾಡಿದ್ದನ್ನು ಎಲ್ಲರೂ ಹೊಗಳುತ್ತಾರೆ. ಪೋರ್ಟಿನ ಆಕಾರ ಒಂದಾದರೆ ಸಾಲದು. ಅದನ್ನು ಬೋರ್ಡಿನಿಂದ ಬೇರೆಯಾಗಿಡಬೇಕು, ಬಿಡಿಯಾಗಿ ಮಾರಬೇಕು, ಅದರ ಬೆಲೆಯನ್ನು ಯಂತ್ರ ಮಾರುವಾಗಲೇ ತಿಳಿಸಬೇಕು. ಈ ಮೂರನ್ನು ಕಾಯ್ದೆಯಾಗಿ ಕೇಳುವ ಹಕ್ಕು ನಮಗಿದೆ.

ಇರುವ ಕಾಯ್ದೆಯನ್ನಾದರೂ ಬಳಸೋಣ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಮ್ಮಂಥ ವಲಸೆಗಾರರಿಗೆ ದೊಡ್ಡ ಅನುಕೂಲವೊಂದಿದೆ: ದೂರುಗಾರ ತಾನು ವಾಸಿಸುವ ಅಥವಾ ದುಡಿಯುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಲ್ಯಾಪ್‌ಟಾಪನ್ನು ಊರಿಗೆ ಹೋದಾಗ ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಕೊಂಡಿದ್ದರೂ ಠಾಣೆಯಲ್ಲಿರುವವರು ಠಾಣೆಯಲ್ಲೇ ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ.

ಸಂಘಗಳಿಗೂ ನಮ್ಮದೊಂದು ಬೇಡಿಕೆಯಿದೆ. ಯಕ್ಷಗಾನ, ನಾಟಕ, ರಾಜ್ಯೋತ್ಸವಗಳು ನಡೆಯಲಿ, ಅವಿಲ್ಲದೆ ಸಂಘವಿಲ್ಲ. ಆದರೆ ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಹುಡುಗರಿಗೆ ಓದು ಕಲಿಸಲು ರಾತ್ರಿಶಾಲೆಗಳನ್ನು ನಡೆಸಿದವರೂ ಮುಂಬಯಿಯ ಕನ್ನಡಿಗರೇ. ಆ ಕಾಲದಲ್ಲಿ ಸ್ಲೇಟು ಬೇಕಾಗಿತ್ತು. ಈ ಕಾಲದ ಸ್ಲೇಟು ಲ್ಯಾಪ್‌ಟಾಪು. ಕೆಟ್ಟ ವಸ್ತುಗಳನ್ನು ನೆರೆಹೊರೆಯವರು ಸೇರಿ ಸರಿಮಾಡುವ ‘ರಿಪೇರಿ ಕೆಫೆ’ ಎಂಬ ಪದ್ಧತಿ 2009ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಹುಟ್ಟಿ, 2015ರಲ್ಲಿ ಬೆಂಗಳೂರಿಗೂ ಬಂದಿತು. ನಮ್ಮ ಸಂಘಗಳಲ್ಲಿ ನಿವೃತ್ತ ಇಂಜಿನಿಯರುಗಳಿಗೆ ಬರವಿಲ್ಲ; ಅವರಲ್ಲಿ ಹಲವರು ಭಾನುವಾರ ಬೆಳಿಗ್ಗೆ ಏನು ಮಾಡುವುದೆಂದು ತಿಳಿಯದೆ ಪೇಪರನ್ನು ಎರಡನೆಯ ಸಲ ಓದುತ್ತಿರುತ್ತಾರೆ. ತಿಂಗಳಿಗೊಂದು ಭಾನುವಾರ ಸಭಾಗೃಹದ ಮೂಲೆಯಲ್ಲಿ ಒಂದು ಮೇಜು, ಒಂದು ಮಲ್ಟಿಮೀಟರು, ಭೂತಗನ್ನಡಿ, 45 ಮತ್ತು 65 ವಾಟಿನ ಒಳ್ಳೆಯ ಅಡಾಪ್ಟರುಗಳ ನಾಲ್ಕಾರು ಜೋಡಿ ಇಟ್ಟರೆ ಸಾಕು. ದೋಷ ಚಾರ್ಜರಿನದೋ ಪೋರ್ಟಿನದೋ ಎಂದು ಅಲ್ಲೇ ಹೇಳಿ, ಒಂದು ಚೀಟಿಯಲ್ಲಿ ಬರೆದುಕೊಡಬಹುದು. ಆ ಚೀಟಿ ಕೈಯಲ್ಲಿದ್ದವರನ್ನು ಹೆದರಿಸುವುದು ಕೌಂಟರಿನ ತರುಣನಿಗೆ ಅಷ್ಟು ಸುಲಭವಲ್ಲ.

ಅಲ್ಲಿಯವರೆಗೆ, ಯಾವುದೇ ಸೇವಾಕೇಂದ್ರಕ್ಕೆ ಯಂತ್ರವನ್ನು ಒಪ್ಪಿಸುವ ಮುನ್ನ ದೋಷವೇನೆಂದು ಬರವಣಿಗೆಯಲ್ಲಿ ಕೇಳಿ. ಬದಲಿಸಿದ ಹಳೆಯ ಭಾಗವನ್ನು ಹಿಂದಕ್ಕೆ ಕೊಡಬೇಕೆಂದು ರಸೀತಿಯಲ್ಲೇ ಬರೆಸಿ. ಕೊಡುವುದಿಲ್ಲವೆಂದರೆ ಅಲ್ಲೇ ನಿಂತು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, 1915ಕ್ಕೆ, ಫೋನು ಮಾಡಿ. ಇಂಗ್ಲಿಷೋ ಹಿಂದಿಯೋ ತಡವರಿಸಬೇಕಾಗಿಲ್ಲ. ಅಲ್ಲಿ ಕನ್ನಡದಲ್ಲಿ ದೂರು ಹೇಳುವ ಏರ್ಪಾಡೂ ಇದೆ.